ಅನುಕೂಲಸ್ಥರ ಮನೆ

ದೇವಲಾಪುರ, ನಾಗಮಂಗಲ ತಾಲ್ಲೂಕು
೧೩ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ಚಂದ್ರಕಲಳ ನಮಸ್ಕಾರ. ಮೊದಲು ನಿಮ್ಮ ಮಂಡಿಯ ವಿಚಾರ ಹೇಳಿ. ಹೇಮಗಿರಿಯಲ್ಲಿ ಬೆಳಗಿನ ಹೊತ್ತು ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ ಎಂದು ಚೀಲದ ತಳದಲ್ಲಿ ಉಣ್ಣೆಯ ಕಾಲುಚೀಲ ಇಟ್ಟಿದ್ದೆ. ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಅದನ್ನೂ ಯಾರಿಗಾದರೂ ಕೊಟ್ಟುಬಿಟ್ಟಿರೋ? ಸೌಭಾಗ್ಯ ಹೇಗಿದ್ದಾಳೆ? ಕೂಸು ರಾತ್ರಿಯೆಲ್ಲ ಮಲಗಲು ಬಿಡುವುದಿಲ್ಲ ಎಂದು ಫೋನಿನಲ್ಲಿ ಗೋಳು ಹೇಳಿಕೊಂಡಳು. ಡಾಕ್ಟರು ಓಡಾಡಬೇಡ ಎಂದದ್ದರಿಂದ, ಬಾಣಂತನಕ್ಕೆ ತೌರಿಗೆ ಬರಬೇಕಾದ ಮಗಳ ಹತ್ತಿರ ತಾಯಿಯೇ ಹೋಗಬೇಕಾಯಿತು. ಅವಳ ಅದೃಷ್ಟ, ನಮಗೆ ಕಷ್ಟ. ಪುಟ್ಟಿ ಸ್ಕೂಲಿನಿಂದ ಬಂದವಳೇ ಬ್ಯಾಗು ಇಳಿಸುವ ಮೊದಲು ‘ಅಜ್ಜಿ ಬಂದ್ಲಾ?’ ಎಂದು ಕೇಳುತ್ತಾಳೆ. ಮಾವನವರು ಬಾಯಿಬಿಟ್ಟು ಕೇಳುವುದಿಲ್ಲ. ಕೆ.ಆರ್. ಪೇಟೆ ಕಡೆಯ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಜಗಲಿಗೆ ಬಂದು ಕೂರುತ್ತಾರೆ, ಬಸ್ಸು ಹೋದ ಮೇಲೆ ಎದ್ದು ಒಳಗೆ ಬರುತ್ತಾರೆ.

ಫೋನಿರುವಾಗ ಕಾಗದ ಏಕೆ ಎಂದು ಬೈಯಬೇಡಿ. ನಿಮಗೆ ಫೋನು ಕೇಳಿಸುವುದಿಲ್ಲ, ಕಿವಿಯ ಮಿಷನ್ನು ಡಬ್ಬಿಯಿಂದ ಆಚೆಗೆ ಬರುವುದಿಲ್ಲ. ಸೌಭಾಗ್ಯ ಸ್ಪೀಕರಿಗೆ ಹಾಕಿ ಕೂಗಿ ಕೂಗಿ ಹೇಳಿದರೆ ನಮ್ಮ ಮನೆಯ ಸುದ್ದಿ ಅವಳ ಬೀದಿಯವರಿಗೆಲ್ಲ ತಿಳಿಯುತ್ತದೆ, ನಿಮಗೊಬ್ಬರಿಗೆ ತಿಳಿಯುವುದಿಲ್ಲ. ಅದೇ ಕನ್ನಡಕ ಕೊಟ್ಟರೆ ಪಂಚಾಂಗದ ಸಣ್ಣಕ್ಷರವನ್ನೂ ಬಿಡುವವರಲ್ಲ ನೀವು. ಪಕ್ಕದ ಬೀದಿಯ ದ್ಯಾವಯ್ಯ ಇವತ್ತು ಮಧ್ಯಾಹ್ನ ಕೆ.ಆರ್. ಪೇಟೆಗೆ ಬಾಡಿಗೆ ಹೋಗುತ್ತಿದ್ದಾನೆ, ಅವನ ಕೈಲಿ ಇದನ್ನೂ ಒಂದು ಚೀಲ ಹೊಸ ರಾಗಿ ಹಿಟ್ಟನ್ನೂ ಕಳಿಸುತ್ತೇನೆ. ಇಲ್ಲಿ ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ. ಸಂಜೆ ನಾನು ಡೈರಿಯಲ್ಲಿ ಊರವರ ಹಾಲು ಅಳೆದು ಮುಗಿಸಿ ಬರುವಷ್ಟರಲ್ಲಿ ನಿಮ್ಮ ಚಿಕ್ಕ ಮಗ ತಿಮ್ಮೇಶ ಒಲೆ ಹಚ್ಚಿ ಎಸರಿಟ್ಟಿರುತ್ತಾನೆ. ಹಿಟ್ಟನ್ನು ನಿಮ್ಮದೇ ಹಿತ್ತಾಳೆ ಪಾವಿನಲ್ಲಿ, ನೀವು ಹಾಕುತ್ತಿದ್ದ ಅಳತೆಯಲ್ಲೇ ಹಾಕುತ್ತಿದ್ದೆವು. ಒಂದು ತುತ್ತೂ ಮಿಕ್ಕುತ್ತಿರಲಿಲ್ಲ. ನಾನಿಲ್ಲದಾಗ ಇವರು ಏನೆಲ್ಲ ಪೋಲು ಮಾಡುತ್ತಾರೋ ಎಂಬ ಯೋಚನೆ ನಿಮಗೆ ಬೇಡ.

ಈಗ ಸುದ್ದಿಗೆ ಬರುತ್ತೇನೆ. ಕೂತುಕೊಂಡು ಓದಿ. ಭಾನುವಾರ ಬೆಳಗೊಳದವರು ಮನೆ ನೋಡಲು ಬಂದಿದ್ದರು. ಹೌದು, ನೀವಿಲ್ಲದಾಗಲೇ. ಹೋದ ತಿಂಗಳು ಮೇಲುಕೋಟೆಯಲ್ಲಿ ತಿಮ್ಮೇಶನನ್ನು ನೋಡಿದ್ದ ಆ ಹುಡುಗಿ ಮಾನಸ, ಶ್ರೀರಂಗಪಟ್ಟಣದ ಸ್ಕೂಲಿನಲ್ಲಿ ಟೀಚರಾಗಿರುವವಳು, ‘ಹುಡ್ಗ ಆಗ್ಬೋದು, ಮನೆ ನೋಡ್ಕೊಂಡು ಬಾ’ ಎಂದು ತನ್ನ ಅಜ್ಜಿಗೆ ಹೇಳಿದಳಂತೆ. ಶುಕ್ರವಾರ ಸಂಜೆ ಫೋನು ಬಂತು, ಭಾನುವಾರ ಬರುತ್ತೇವೆ, ಆಮೇಲೆ ದಿನ ಒಳ್ಳೆಯದಿಲ್ಲ ಎಂದು. ಬಾಣಂತಿಯನ್ನು ಬಿಟ್ಟು ನೀವು ಓಡಿ ಬರುವಂತಿರಲಿಲ್ಲ, ಬೇಡ ಎಂದರೆ ಈ ಸಂಬಂಧವೂ ಕೈಬಿಟ್ಟು ಹೋಗುತ್ತದೆ. ತಿಮ್ಮೇಶನಿಗೆ ಎಷ್ಟು ಕಡೆ ಹೆಣ್ಣು ನೋಡಿಲ್ಲ ನಾವು? ಹುಡುಗ ಚೆನ್ನಾಗಿದ್ದಾನೆ ಎನ್ನುತ್ತಾರೆ, ಏನು ಕೆಲಸ ಎಂದು ಕೇಳುತ್ತಾರೆ, ಬೇಸಾಯ ಎಂದ ತಕ್ಷಣ ಕಾಫಿ ಲೋಟ ಕೆಳಗಿಟ್ಟು ‘ತಿಳ್ಸ್ತೀವಿ’ ಎಂದು ಏಳುತ್ತಾರೆ. ಕೊನೆಯವರು ಹಾಗೆ ಎದ್ದು ಹೋದ ದಿನ ಅವನು ‘ಇನ್ಮೇಲೆ ನಂಗೆ ಹೆಣ್ಣು ನೋಡ್ಬ್ಯಾಡಿ ಅತ್ಗೆ, ಅವಮಾನ ಆಯ್ತದೆ’ ಎಂದು ಹೇಳಿ ಹೊಲಕ್ಕೆ ಹೋಗಿ ಸಂಜೆಯವರೆಗೂ ಬಂದಿರಲಿಲ್ಲ. ಈ ಹುಡುಗಿಯನ್ನು ನೋಡಿ ಬಂದ ಮೇಲೆ ಮಾತ್ರ ಅವನು ಶಿಳ್ಳೆ ಹಾಕಿಕೊಂಡು ಮೇವು ಕತ್ತರಿಸುತ್ತಿದ್ದ. ಆ ಶಿಳ್ಳೆ ಕೇಳಿದ್ದರಿಂದಲೇ ನಮ್ಮೆಲ್ಲರಿಗೂ ಭಯ ಹತ್ತಿದ್ದು.

ಭಯ ಹೆಚ್ಚಾಗಿ ಹತ್ತಿದ್ದು ಮಾವನವರಿಗೆ. ಬೆಳಗೊಳದವರೆಂದರೆ ನಾಲೆ ನೀರಿನ ಜನ, ವರ್ಷವಿಡೀ ಗದ್ದೆ ಹಸಿರಾಗಿರುವವರು. ನಾವು ಮಳೆ ನಂಬಿ ರಾಗಿ, ಹುರುಳಿ ಚೆಲ್ಲುವವರು. ‘ನಮ್ಮ ಹೊಲ ನೋಡುದ್ರೆ ಆ ಜನ ಅಂಗೇ ವಾಪಸ್ ಹೋಯ್ತಾರೆ. ಮನೇನಾದ್ರೂ ಅನುಕೂಲಸ್ಥರ ಮನೆ ಥರ ಕಾಣ್ಬೇಕು’ ಎಂದರು. ಅನುಕೂಲಸ್ಥರ ಮನೆ ಹೇಗೆ ಕಾಣುತ್ತದೆ ಎಂಬುದಕ್ಕೆ ಅವರ ಹತ್ತಿರ ತಯಾರಿದ್ದ ಉತ್ತರ ಕೇಳಿ: ಮನೆ ಮುಂದೆ ಕಾರು ನಿಂತಿರಬೇಕು, ಕೊಟ್ಟಿಗೆಯಲ್ಲಿ ಕೆಚ್ಚಲು ತುಂಬಿದ ಸೀಮೆ ಹಸು ಇರಬೇಕು, ಬಂದವರಿಗೆಲ್ಲ ಒಂದೇ ಥರದ ಬೆಳ್ಳನೆ ಸ್ಟೀಲು ಲೋಟದಲ್ಲಿ ಕಾಫಿ ಕೊಡಬೇಕು, ಮನೆ ಯಜಮಾನನ ಕೈಯಲ್ಲಿ ವಾಚಿರಬೇಕು. ಮೊದಲಾದರೆ ಹುಲ್ಲಿನ ಮೆದೆ ನೋಡುತ್ತಿದ್ದರು, ತಿಪ್ಪೆಯ ಎತ್ತರ ನೋಡಿ ಎಷ್ಟು ದನ ಎಂದು ಲೆಕ್ಕ ಹಾಕುತ್ತಿದ್ದರು, ಈಗ ಯಾರು ತಿಪ್ಪೆ ನೋಡುತ್ತಾರೆ ಎಂದು ತಾವೇ ಬೇಜಾರು ಮಾಡಿಕೊಂಡರು. ನಮ್ಮಲ್ಲಿರುವುದು ಹಾಲು ಬತ್ತಿದ ಒಂದು ನಾಟಿ ಹಸು ಮತ್ತು ಇವರ ಹಳೆಯ ಬೈಕು. ನಾನು, ಇರುವುದನ್ನು ಇರುವ ಹಾಗೇ ತೋರಿಸೋಣ ಎಂದೆ. ನಿಮ್ಮ ದೊಡ್ಡ ಮಗ ಎಂದಿನಂತೆ ನನ್ನ ಮುಖವನ್ನೂ ಅಪ್ಪನ ಮುಖವನ್ನೂ ನೋಡಿ, ತಲೆ ಕೆರೆದುಕೊಂಡು, ಪಾಂಡವಪುರದ ಗೊಬ್ಬರದ ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಟುಹೋದರು.

ಆಮೇಲೆ ನಡೆದದ್ದನ್ನು ನೆನೆದರೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ಮಾವನವರು ಮನೆಮನೆಗೂ ಹೋಗಿ ಕೇಳಿದರು, ಕೇಳಿದ ಯಾರೂ ಇಲ್ಲ ಎನ್ನಲಿಲ್ಲ. ದ್ಯಾವಯ್ಯ ಭಾನುವಾರದ ಬಾಡಿಗೆಯನ್ನೇ ಬಿಟ್ಟು ತನ್ನ ಬಿಳಿ ಕಾರು ತೊಳೆದು ತಂದು ನಿಲ್ಲಿಸಿದ. ಬಾಡಿಗೆ ಗಾಡಿಯೆಂದು ತಿಳಿಯಬಾರದೆಂದು ಹಳದಿ ನಂಬರ್ ಬೋರ್ಡಿನ ಮೇಲೆ ಚೆಂಡುಹೂವಿನ ದಪ್ಪ ಹಾರವನ್ನೂ ಹಾಕಿದ. ಬೀದಿ ತುದಿಯ ಯಶೋದಮ್ಮ ತನ್ನ ಸೀಮೆ ಹಸುವನ್ನು ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ ತಾನೇ ಹಿಡಿದುಕೊಂಡು ಬಂದಳು. ಕರುವನ್ನೂ ತರುತ್ತೇನೆ ಎಂದಳಂತೆ. ‘ಅರ್ಧ ಗಂಟೆ ಕೆಲ್ಸ, ಕರು ಯಾಕವ್ವ, ಸುಮ್ನೆ ಗಲಾಟೆ’ ಎಂದು ಮಾವನವರೇ ಬೇಡವೆಂದರು. ಈ ಮಾತು ನೆನಪಿಟ್ಟುಕೊಳ್ಳಿ. ಲೋಟಗಳು ನಾಲ್ಕಾರು ಮನೆಯಿಂದ ಬಂದವು. ಒಂದೇ ಥರದವಾಗಿರಲಿ ಎಂದು ನಾನು ಎತ್ತರ, ಅಗಲ ಎಲ್ಲ ನೋಡಿ ಆರಿಸಿ ಜೋಡಿಸಿದೆ. ಕೆಲಸ ಮುಗಿಯದೆ ನಾನು ಒದ್ದಾಡುತ್ತಿರುವುದನ್ನು ನೋಡಿ ತಿಮ್ಮೇಶ, ಬಿಳಿ ಶರ್ಟು ಹಾಕಿಕೊಳ್ಳುವ ಮೊದಲು, ತಾನೇ ಒಲೆ ಮುಂದೆ ನಿಂತು ಮಧ್ಯಾಹ್ನದ ಮುದ್ದೆ ಕೂಡಿಸಿಟ್ಟ. ಮದುವೆಗೆ ಹೆಣ್ಣು ಬರಲಿ ಬಿಡಲಿ, ಮಾವನವರಿಗೆ ಆ ಹೊತ್ತಿಗೆ ಮುದ್ದೆ ಬೇಕೇ ಬೇಕಲ್ಲ.

ಹುಡುಗಿಯ ಅಜ್ಜಿ ದೊಡ್ಡತಾಯಮ್ಮ, ಅಪ್ಪ ಶಿವಲಿಂಗಯ್ಯ ಇಬ್ಬರೇ ಬಂದರು, ಅವರದೇ ಕಾರಿನಲ್ಲಿ. ಶಿವಲಿಂಗಯ್ಯ ಗಾಡಿಯನ್ನು ತಂದು ದ್ಯಾವಯ್ಯನ ಕಾರಿನ ಹಿಂದಕ್ಕೇ ನಿಲ್ಲಿಸಿದರು. ನಮ್ಮ ದ್ಯಾವಯ್ಯ ಮುಂದಿನ ಬೋರ್ಡಿಗೆ ಹಾರ ಹಾಕಿದ್ದನೇ ಹೊರತು ಹಿಂದಿನದನ್ನು ಮರೆತಿದ್ದ. ಹಳದಿ ಬೋರ್ಡು ಅವರ ಕಣ್ಣಿನ ನೇರಕ್ಕೇ ಇತ್ತು. ಅವರು ಇಳಿದು, ಅದನ್ನೊಮ್ಮೆ ನೋಡಿ ಒಳಗೆ ಬಂದು ಕುಳಿತರು. ಅಜ್ಜಿ ತೆಳ್ಳಗೆ, ಕಡ್ಡಿಯಂತೆ ನೆಟ್ಟಗೆ ಕೂರುವ ಹೆಂಗಸು. ಬಂದಾಗಿನಿಂದ ಅವರ ಕಣ್ಣು ಕಾರಿನ ಮೇಲೂ ಇಲ್ಲ, ಗೋಡೆಯ ಮೇಲೂ ಇಲ್ಲ, ತಿಮ್ಮೇಶನ ಮೊಣಕೈಯ ಮೇಲೆ ಇತ್ತು. ಅಲ್ಲಿ ರಾಗಿ ಹಿಟ್ಟು ಮೆತ್ತಿ ಒಣಗಿದ್ದು ಅವನಿಗೇ ಗೊತ್ತಿರಲಿಲ್ಲ. ಮಾವನವರು ಕಣ್ಣಲ್ಲೇ ಒರೆಸಿಕೋ ಎಂದರೆ ಅವನು ಮೂಗು ಒರೆಸಿಕೊಂಡ.

ನಾನು ಕಾಫಿ ತಂದೆ. ಅಷ್ಟೆಲ್ಲ ಎತ್ತರ ಅಗಲ ನೋಡಿದ್ದ ನಾನು ಲೋಟದ ಮೇಲೆ ಕೊರೆಸಿದ್ದ ಹೆಸರು ನೋಡಿರಲಿಲ್ಲ ಅತ್ತೆಮ್ಮ! ಶಿವಲಿಂಗಯ್ಯ ಕಾಫಿ ಕುಡಿಯುತ್ತಾ ಲೋಟ ತಿರುಗಿಸಿ, ‘ಯಶೋದಮ್ಮ ಅನ್ನೋರು ಯಾರು?’ ಎಂದರು. ‘ನಮ್ಮ ತಂಗಿ’ ಎಂದರು ಮಾವನವರು ಒಂದು ಗಳಿಗೆಯೂ ತಡೆಯದೆ. ಶಿವಲಿಂಗಯ್ಯ ತಮ್ಮ ತಾಯಿಯ ಲೋಟ ನೋಡಿ, ‘ದ್ಯಾವಯ್ಯ?’ ಎಂದರು. ‘ನಮ್ಮ ಭಾವ.’ ನೀರು ತಂದಿಟ್ಟಿದ್ದ ಚೊಂಬನ್ನು ನೋಡಿದರೆ ಅದರ ಮೇಲೆ ‘ಶ್ರೀ ಮಾರಮ್ಮ ಯುವಕರ ಸಂಘ’ ಎಂದು ಅಂಚಿನಿಂದ ಅಂಚಿಗೆ ಕೊರೆದಿತ್ತು. ಸಂಘ ನಮಗೆ ಏನಾಗಬೇಕು ಎಂದು ಹೇಳಲು ಮಾವನವರಿಗೆ ಹೊಳೆಯಲಿಲ್ಲ. ಮಾತು ಬದಲಾಯಿಸಲೆಂದು ಶಿವಲಿಂಗಯ್ಯನವರೇ, ಪಾಪ ಒಳ್ಳೆಯವರು, ಗಂಟೆ ಎಷ್ಟಾಯಿತು ಎಂದು ಕೇಳಿದರು. ಮಾವನವರು ಗತ್ತಿನಿಂದ ತೋಳು ಮಡಚಿ, ತಮ್ಮ ಮದುವೆಯ ವಾಚು ನೋಡಿ, ‘ಎಂಟೂವರೆ’ ಎಂದರು. ನೆತ್ತಿಯ ಮೇಲೆ ಸೂರ್ಯ ಬಂದಿದ್ದ. ಆ ವಾಚು ಓಡುವುದು ನಿಂತು ಎಷ್ಟು ಕಾಲವಾಯಿತು ಎಂಬುದು ನಿಮಗೇ ಗೊತ್ತು.

ಇಷ್ಟಕ್ಕೇ ಮುಗಿದಿದ್ದರೂ ಹೇಗೋ ಆಗುತ್ತಿತ್ತು. ಕೊಟ್ಟಿಗೆ ತೋರಿಸುತ್ತೇನೆ ಬನ್ನಿ ಎಂದು ಮಾವನವರು ಅವರನ್ನು ಎಬ್ಬಿಸಿಕೊಂಡು ಹೋದರು. ಹಸು ಚೆನ್ನಾಗಿಯೇ ನಿಂತಿತ್ತು. ‘ಹೊತ್ತಿಗೆ ಹತ್ತು ಲೀಟ್ರು ಕರೀತದೆ’ ಎಂದು ಮಾವನವರು ಅದರ ಬೆನ್ನು ತಟ್ಟುವುದಕ್ಕೂ, ಬೀದಿಯ ಆ ತುದಿಯಿಂದ ಅದರ ಕರು ‘ಅಂಬಾ’ ಎನ್ನುವುದಕ್ಕೂ ಸರಿಹೋಯಿತು. ಹಸು ಒಮ್ಮೆ ಕಿವಿ ನಿಮಿರಿಸಿತು. ಇನ್ನೊಮ್ಮೆ ಕರು ಕೂಗಿದ್ದೇ ತಡ, ಗೂಟವನ್ನೇ ಕಿತ್ತುಕೊಂಡು, ಮಾವನವರ ಪಂಚೆಯ ಪಕ್ಕದಲ್ಲೇ ನುಗ್ಗಿ, ದ್ಯಾವಯ್ಯನ ಕಾರಿನ ಹಾರದಲ್ಲಿ ಒಂದು ಬಾಯಿ ಹೂವು ಕಿತ್ತುಕೊಂಡು ಮನೆ ಕಡೆ ಓಡಿತು. ತಿಮ್ಮೇಶ ಬಿಳಿ ಶರ್ಟಿನಲ್ಲಿ ಹಿಂದೆ ಓಡಿದ. ಬೀದಿಯವರೆಲ್ಲ ಹೊರಗೆ ಬಂದರು. ಯಶೋದಮ್ಮ ನಮ್ಮ ಮಾನ ಉಳಿಸಬೇಕೆಂದು ತನ್ನ ಬಾಗಿಲಲ್ಲೇ ನಿಂತು ಮಾವನವರನ್ನು ಗಟ್ಟಿಯಾಗಿ ಕೂಗಿದಳು: ‘ಬೀರಣ್ಣಾ, ನಿಮ್ಮ ಹಸ ಬಂದು ನಮ್ಮ ಕರೀಗೆ ಹಾಲು ಕೊಡ್ತಾ ನಿಂತದೆ, ಬಂದು ಹಿಡ್ಕೊಂಡೋಗಿ!’

ಅತ್ತೆಮ್ಮ, ಆಗ ನನಗೆ ನಗು ಬರಲಿಲ್ಲ. ಶಿವಲಿಂಗಯ್ಯನವರ ಮುಖ ಕೆಂಪಾಯಿತು. ತಮಾಷೆಯಾಗಿ ಕಾಣಲಿಲ್ಲ ಅವರಿಗೆ, ಮೋಸವೆಂದು ಕಂಡಿತು, ಕಾಣದೆ ಇನ್ನೇನು? ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ‘ಅವ್ವಾ, ನಡಿ ಹೋಗವ. ನೋಡಿದ್ದು ಸಾಕು’ ಎಂದರು. ಹಗ್ಗ ಹಿಡಿದುಕೊಂಡು ಬೀದಿಯ ನಡುವೆ ನಿಂತಿದ್ದ ತಿಮ್ಮೇಶನಿಗೆ ಆ ಮಾತು ಕೇಳಿಸಿತು. ಅವನು ತಲೆ ತಗ್ಗಿಸಲಿಲ್ಲ, ಆ ಹಗ್ಗವನ್ನು ಸುಮ್ಮನೆ ಸುತ್ತುತ್ತಾ ನಿಂತ. ನೀವು ಇಲ್ಲಿ ಇರಬೇಕಿತ್ತು ಎಂದು ಆವತ್ತು ನಾನು ಅಂದುಕೊಂಡಷ್ಟು ಎಂದೂ ಅಂದುಕೊಂಡಿಲ್ಲ. ನೀವಿದ್ದಿದ್ದರೆ ಹಸುವೂ ಬರುತ್ತಿರಲಿಲ್ಲ, ಕಾರೂ ಬರುತ್ತಿರಲಿಲ್ಲ. ನಾನು ತಡೆಯಲು ಹೋಗಿ ಸುಮ್ಮನಾದವಳು.

ಆಗ ದೊಡ್ಡತಾಯಮ್ಮ, ‘ತಾಳ್ಲಾ ಸಿವ್ಲಿಂಗ, ಗಂಟ್ಲು ಒಣಗದೆ. ಒಳೀಕೋಗಿ ಒಂದ್ಲೋಟ ನೀರು ಕುಡ್ಕೊಂಡು ಬತ್ತೀನಿ’ ಎಂದು, ಮಗನ ಉತ್ತರಕ್ಕೂ ಕಾಯದೆ ನೇರವಾಗಿ ಅಡುಗೆಮನೆಗೆ ಬಂದರು. ನಾನು ನೀರು ಕೊಟ್ಟೆ. ಕುಡಿಯುತ್ತಾ ಒಲೆಯ ಕಡೆ ನೋಡಿದರು. ಒಲೆಯ ಪಕ್ಕದ ಬೆಚ್ಚನೆ ಜಾಗದಲ್ಲಿ ನನ್ನ ತಟ್ಟೆ ಇತ್ತು, ಮೇಲೆ ಬೋಗುಣಿ ಮುಚ್ಚಿತ್ತು. ಅವರು ಬಗ್ಗಿ ಬೋಗುಣಿ ಎತ್ತಿದರು. ಮುದ್ದೆಯಿಂದ ಇನ್ನೂ ಹಬೆ ಬರುತ್ತಿತ್ತು. ‘ಇದ್ಯಾರ್ದವ್ವಾ?’ ಎಂದರು. ನನ್ನದು ಎಂದೆ. ‘ಎಲ್ರೂ ಉಂಡ್ಮೇಲೆ ಉಳ್ದುದ್ದಾ?’ ಇಲ್ಲ, ಇನ್ನೂ ಯಾರೂ ಉಂಡಿಲ್ಲ, ಇದು ಮೊದಲು ತೆಗೆದಿಟ್ಟದ್ದು ಎಂದೆ. ಯಾರು ತೆಗೆದಿಟ್ಟರು ಎಂದು ಕೇಳಿದರು. ‘ಮೈದುನ’ ಎಂದೆ. ‘ಓ, ಮೊಣಕೈಗೆ ಹಿಟ್ಟು ಮೆತ್ಕೊಂಡಿದ್ದು ಇದ್ಕಾ. ಅವ್ನಿಗ್ಯಾರು ಕಲ್ಸುದ್ರು?’ ಎಂದರು. ಆಗ ನಾನು ನಿಮ್ಮ ವಿಚಾರ ಹೇಳಿದೆ. ಸಂಜೆ ನಾನು ಡೈರಿಯಿಂದ ಬರುವುದು ತಡವಾಗುತ್ತದೆ, ಅತ್ತೆ ಮುದ್ದೆ ಕಟ್ಟುವಾಗ ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿ ಮುಚ್ಚಿಟ್ಟೇ ಉಳಿದವರಿಗೆ ಕೊಡುತ್ತಾರೆ, ಮಾವ ಕೇಳಿದರೂ ಆಮೇಲೆ, ಅದು ನಮ್ಮ ಮನೆಯ ಪದ್ಧತಿ ಎಂದೆ. ಹೇಳುವಾಗ ನನಗೆ ಅದೇನೂ ದೊಡ್ಡ ವಿಷಯ ಎನ್ನಿಸಿರಲಿಲ್ಲ. ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದೆ.

ಅವರು ತಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದರು. ಅವರಿಗೆ ಓದು ಬರುವುದಿಲ್ಲವಂತೆ. ಇದರ ಮೇಲೆ ಯಾರ ಹೆಸರಿದೆ, ಸಂಘದ್ದಾ ಎಂದು ಕೇಳಿದರು, ಕೇಳುವಾಗ ತುಟಿಯಲ್ಲಿ ನಗು ಇತ್ತು. ‘ನನ್ನ ಹೆಸರೇ’ ಎಂದೆ. ನಾನು ಬಂದ ವರ್ಷದ ಗೌರಿ ಹಬ್ಬಕ್ಕೆ ನೀವು ನಾಗಮಂಗಲದ ಪಾತ್ರೆ ಅಂಗಡಿಯಲ್ಲಿ ಕೊರೆಸಿ ತಂದದ್ದನ್ನು ಹೇಳಿದೆ. ಪಾತ್ರೆಗೆ ಮನೆ ಯಜಮಾನನ ಹೆಸರು ಹಾಕಿಸುತ್ತಾರೆ, ಉಡುಗೊರೆ ಕೊಟ್ಟವರ ಹೆಸರು ಹಾಕಿಸುತ್ತಾರೆ, ಸೊಸೆಯ ಹೆಸರು ಯಾರು ಹಾಕಿಸುತ್ತಾರೆ ಎಂದು ಅಂಗಡಿಯವನು ನಕ್ಕದ್ದನ್ನೂ, ‘ಉಣ್ಣೋಳು ಅವ್ಳು, ನಿನ್ನೆಸ್ರು ಹಾಕ್ಲಾ?’ ಎಂದು ನೀವು ಅವನನ್ನು ದಬಾಯಿಸಿದ್ದನ್ನೂ ಹೇಳಿದೆ. ದೊಡ್ಡತಾಯಮ್ಮ ಬೋಗುಣಿಯನ್ನು ತಟ್ಟೆಯ ಮೇಲೆ ಮತ್ತೆ ಮುಚ್ಚಿದರು. ಆಮೇಲೆ, ‘ನಿಮ್ಮತ್ತೆ ಯಾವಾಗ ಉಣ್ತಾಳೆ?’ ಎಂದರು. ‘ನಮ್ಮ ಜೊತೇಲೇ’ ಎಂದೆ. ಅವರು ಹೂಂ ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ‘ಇದ್ರಾಗೆ ಅರ್ಧ ಮುರ್ದು ಕೊಡವ್ವ, ಆರೋಗ್ತದೆ. ಸಾರೇನು?’ ಎಂದರು. ಹುರುಳಿಕಾಳಿನ ಬಸ್ಸಾರು ಎಂದು ಹೇಳಿ, ಮುದ್ದೆ ಮುರಿದು ಇನ್ನೊಂದು ತಟ್ಟೆಗೆ ಹಾಕಿಕೊಟ್ಟೆ. ಒಪ್ಪಿಗೆಯಾಗದೆ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲವಲ್ಲ ಅತ್ತೆಮ್ಮ, ಕಾಫಿ ಕುಡಿದು ಏಳುತ್ತಾರೆ, ಅಷ್ಟೆ. ಅವರು ಕೂತಿದ್ದರು!

ತಾಯಿ ಬರಲಿಲ್ಲವೆಂದು ಶಿವಲಿಂಗಯ್ಯ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿ ಅಲ್ಲೇ ನಿಂತುಬಿಟ್ಟರು. ‘ಏನವ್ವಾ ಮಾಡ್ತಿದ್ದೀಯೆ?’ ‘ಉಣ್ತಾ ಇವ್ನಿ, ಕಾಣಾಕಿಲ್ವಾ? ನೀನೂ ಕೈ ತೊಳ್ಕೊಂಡು ಬಾ.’ ಅವರು, ಈ ಜನ ಎರವಲು ಹಸು ಕಟ್ಟಿದವರು ಎಂದು ಮೆಲ್ಲಗೆ ಏನೋ ಹೇಳಲು ಹೋದರು. ಆಗ ಆ ಅಜ್ಜಿ ತುತ್ತು ನುಂಗಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: ‘ನಾನು ನಿಮ್ಮಪ್ಪನ ಮನೆಗೆ ಬಂದಾಗ ಗದ್ದೆ ಇತ್ತು, ಆಲೆಮನೆ ಇತ್ತು, ಕೊಟ್ಟಿಗೆ ತುಂಬ ದನ ಇದ್ವು. ಸಾವ್ಕಾರ್ರ ಮನೆ ಸೊಸೆ ಅಂತ ಊರೋರು ನನ್ನ ನೋಡಿ ಒಟ್ಟೆ ಉರ್ಕೊಳೋರು. ಆ ಮನೇಲಿ ಒಂದಿನಾನೂ ನಾನು ಬಿಸಿ ಮುದ್ದೆ ಕಾಣ್ನಿಲ್ಲ ಕಣ್ಲಾ. ಎಲ್ರೂ ಉಂಡು ಎದ್ಮೇಲೆ ತಳದಲ್ಲಿ ಅಂಟ್ಕೊಂಡಿದ್ದು ಕೆರ್ಕೊಂಡು ಉಂಡೆ. ಕಾರು ಯಾರ್ದಾರಾ ಆಗ್ಲಿ ಬುಡು. ಹಸೀನ ಕೇಳ್ದೇಟ್ಗೆ ತಂದು ಕಟ್ಟೋ ನೆರೆಯೋರವ್ರೆ. ನಮ್ಮುಡ್ಗಿ ಇಲ್ಲಿ ಬಿಸೀದು ಉಣ್ತಾಳೆ. ಇವ್ರೇ ಅನುಕೂಲಸ್ಥರು ನನ್ನ ಪಾಲಿಗೆ.’ ಶಿವಲಿಂಗಯ್ಯ ತಾಯಿಯನ್ನೇ ನೋಡುತ್ತಾ ನಿಂತಿದ್ದರು. ಈ ಸಂಗತಿ ಅವರಿಗೂ ಹೊಸದಾಗಿತ್ತೋ ಏನೋ. ಆಮೇಲೆ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ತಾಯಿಯ ಪಕ್ಕ ಕೂತರು. ಮಾವನವರು ಬಾಗಿಲಿಗೆ ಒರಗಿಕೊಂಡು ಹೆಂಗಸರಂತೆ ಅತ್ತರು, ನೀವು ಕೇಳಿದರೆ ಹೊಗೆ ಎನ್ನುತ್ತಾರೆ, ನಂಬಬೇಡಿ.

ಹೀಗೆ ಬೆಳಗೊಳದ ಸಂಬಂಧ ಕೂಡಿತು. ಯುಗಾದಿ ಕಳೆದ ಮೇಲೆ ವೀಳ್ಯಶಾಸ್ತ್ರ ಇಟ್ಟುಕೊಳ್ಳೋಣ, ಅಷ್ಟರಲ್ಲಿ ಹುಡುಗಿಯ ಅತ್ತೆಯಾಗುವವರು ಊರಿಗೆ ಬಂದಿರಲಿ ಎಂದಿದ್ದಾರೆ. ನಿನ್ನೆ ಮಾನಸ ನನಗೇ ಫೋನು ಮಾಡಿದ್ದಳು. ‘ಅಜ್ಜಿ ಮುದ್ದೆ ವಿಷ್ಯ ಬಿಟ್ಟು ಬೇರೆ ಏನೂ ಹೇಳ್ತಿಲ್ಲ ಅಕ್ಕ, ಅಪ್ಪ ಹಸು ವಿಷ್ಯ ಬಿಟ್ಟು ಬೇರೆ ಏನೂ ಹೇಳ್ತಿಲ್ಲ. ನಡೆದಿದ್ದೇನು ನೀವೇ ಹೇಳಿ’ ಎಂದಳು. ನಾನು ಹೇಳಿದೆ, ಇಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು. ಮದುವೆಯಾದ ಮೇಲೆ ಕೆಲಸ ಬಿಡಬೇಕಾ ಎಂದು ಕೇಳಿದಳು. ನಾನು ಡೈರಿಗೆ ಹೋಗುವುದನ್ನು ನಮ್ಮತ್ತೆ ಒಂದು ದಿನವೂ ಬಿಡಿಸಲಿಲ್ಲ, ನಿನ್ನದನ್ನೇಕೆ ಬಿಡಿಸುತ್ತಾರೆ ಎಂದೆ. ನಿಮ್ಮನ್ನು ಕೇಳದೆ ಹೇಳಿದೆ, ತಪ್ಪೇನೂ ಇಲ್ಲವಲ್ಲ? ತಿಮ್ಮೇಶ ಮತ್ತೆ ಶಿಳ್ಳೆ ಹಾಕುತ್ತಿದ್ದಾನೆ, ಈ ಸಲ ಯಾರಿಗೂ ಭಯವಿಲ್ಲ. ಲೋಟಗಳನ್ನೆಲ್ಲ ಬೆಳಗಿ, ಒಂದೊಂದರಲ್ಲೂ ಬೆಲ್ಲ ತುಂಬಿ ಅವರವರ ಮನೆಗೆ ಕೊಟ್ಟು ಬಂದೆ. ಹಸು ತಂದದ್ದು ತಪ್ಪಾಯಿತಲ್ಲ ಎಂದು ಮಾವನವರನ್ನು ಕೆಣಕಿದರೆ, ‘ಹಸೀದೇನು ತಪ್ಪಿಲ್ಲ ಕಣವ್ವ, ಕರೂನೂ ತರ್ಬೇಕಿತ್ತು’ ಎನ್ನುತ್ತಾರೆ.

ಅತ್ತೆಮ್ಮ, ಒಂದು ಮಾತು ಎದುರಿಗೆ ಹೇಳಲು ನಾಚಿಕೆ, ಕಾಗದದಲ್ಲಿ ಹೇಳುತ್ತೇನೆ. ಮದುವೆಯಾಗಿ ಬಂದ ಮೊದಲ ವಾರ ಎಲ್ಲರೂ ಉಂಡು ಮುಗಿಸಲಿ ಎಂದು ನಾನು ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದೆ, ನನ್ನ ತೌರಿನಲ್ಲಿ ಅಮ್ಮ ನಿಲ್ಲುತ್ತಿದ್ದ ಹಾಗೆ. ‘ಯಾಕವ್ವ ನಿಂತಿದ್ದೀಯೆ, ಆರೋಯ್ತದೆ, ಕೂತ್ಕೋ’ ಎಂದಿರಿ ನೀವು. ಅಂದಿನಿಂದ ನಾನು ಕೂತೇ ಇದ್ದೇನೆ. ಹೊರಗಿನ ಒಬ್ಬ ಅಜ್ಜಿ ಬಂದು ಬೋಗುಣಿ ಎತ್ತಿ ನೋಡುವವರೆಗೂ ನನಗೆ ಅದರ ಬೆಲೆ ತಿಳಿದಿರಲಿಲ್ಲ. ತಿಮ್ಮೇಶನ ಮನೆ ತುಂಬುತ್ತಿರುವುದು ನಿಮ್ಮಿಂದ. ನಿಮಗೆ ನನ್ನ ಕೈಮುಗಿದ ನಮಸ್ಕಾರ.

ಸೌಭಾಗ್ಯಳಿಗೆ ಚಳಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ. ಕೂಸಿನ ಎರಡು ಕೆನ್ನೆಗೂ ಅತ್ತೆಯ ಮುತ್ತು, ಬೀಗರಿಗೆಲ್ಲ ನಮ್ಮೆಲ್ಲರ ವಂದನೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ನಿಮ್ಮ ಸೊಸೆ,
ಚಂದ್ರಕಲ

ಮರೆತಿದ್ದು: ದ್ಯಾವಯ್ಯ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಇದನ್ನು ನೀವೊಬ್ಬರೇ ಓದಿಕೊಳ್ಳಿ. ಅವತ್ತು ಕಾರು, ಹಸು, ಲೋಟ, ವಾಚು ಎಲ್ಲದರ ಬಣ್ಣವೂ ಬಯಲಾಯಿತು. ಬಯಲಾಗದೆ ಉಳಿದದ್ದು ನಾನು ಹೇಳಿದ ಒಂದು ಸುಳ್ಳು ಮಾತ್ರ. ಅತ್ತೆ ಯಾವಾಗ ಉಣ್ಣುತ್ತಾಳೆ ಎಂದರೆ ನಮ್ಮ ಜೊತೆಯಲ್ಲೇ ಎಂದೆನಲ್ಲ, ಹೇಳುವಾಗ ಅದು ಸುಳ್ಳು ಎಂದು ನನಗೇ ಗೊತ್ತಿರಲಿಲ್ಲ. ಮರುದಿನ ಪಾವಿಗೆ ಹಿಟ್ಟು ತುಂಬುವಾಗ ಗೊತ್ತಾಯಿತು. ನೀವು ಹೋದ ಮೇಲೂ ಅದೇ ಅಳತೆ, ಒಬ್ಬರು ಕಡಿಮೆ, ಹಾಗಾದರೆ ಒಂದು ಮುದ್ದೆ ಮಿಕ್ಕಬೇಕಿತ್ತಲ್ಲ, ಮಿಕ್ಕುತ್ತಿರಲಿಲ್ಲ ಏಕೆ? ನನಗೆ ಮೊದಲನೆಯದು ಇಟ್ಟು, ಎಲ್ಲರಿಗೂ ಕೊಟ್ಟು, ಪಾತ್ರೆಗೆ ಮಜ್ಜಿಗೆ ಸುರಿದುಕೊಂಡು ‘ನಂಗೆ ಹಲ್ಲಿಲ್ಲ ಕಣವ್ವ, ಇಷ್ಟೇ ಸಾಕು’ ಎಂದು ಹಿತ್ತಲ ಕಡೆ ಹೋಗುತ್ತಿದ್ದಿರಿ. ಮುದ್ದೆ ನುಂಗುವುದಕ್ಕೆ ಹಲ್ಲು ಏಕೆ ಅತ್ತೆಮ್ಮ? ನಿಮ್ಮ ತಟ್ಟೆ ಯಾವುದು ಎಂದು ಮನೆಯೆಲ್ಲ ಹುಡುಕಿದೆ, ಇಲ್ಲ. ಮಂಗಳವಾರ ನಾಗಮಂಗಲಕ್ಕೆ ಹೋಗಿ ಅದೇ ಅಂಗಡಿಯಲ್ಲಿ ಒಂದು ತಟ್ಟೆಗೆ ಲಕ್ಷ್ಮಿದೇವಮ್ಮ ಎಂದು ಕೊರೆಸಿ ತಂದಿದ್ದೇನೆ. ಅಂದಿನಿಂದ ಹಿಟ್ಟನ್ನೂ ಒಂದು ಹಿಡಿ ಹೆಚ್ಚು ಹಾಕುತ್ತಿದ್ದೇನೆ, ದಿನಾ ಒಂದು ಮುದ್ದೆ ಮಿಕ್ಕುತ್ತಿದೆ, ಅದು ನಿಮ್ಮ ಪಾಲಿನದು. ವೀಳ್ಯಶಾಸ್ತ್ರಕ್ಕೆ ದೊಡ್ಡತಾಯಮ್ಮ ನಿಮ್ಮ ಪಕ್ಕದಲ್ಲೇ ಕೂತು ಉಣ್ಣುತ್ತಾರಂತೆ. ಅಷ್ಟರೊಳಗೆ ಬನ್ನಿ, ನನ್ನ ಮಾತನ್ನು ನಿಜ ಮಾಡಿ. ಬಂದ ದಿನ ಮೊದಲನೇ ಮುದ್ದೆ ನಿಮ್ಮ ತಟ್ಟೆಗೆ, ನಾನು ಕಟ್ಟುತ್ತೇನೆ.